ಗಾಳಿ ತೆಗೆಯುವ ಈರಬಸಪ್ಪನವರು

ಚಳಿಗಾಲ ಹತ್ತಿರವಾಯಿತೆಂದರೆ ನೆದರ್ಲೆಂಡ್ಸಿನ ಐಂಡ್‌ಹೋವನ್ನಿನ ಕನ್ನಡದ ಮನೆಗಳಿಗೆಲ್ಲ ಈರಬಸಪ್ಪನವರು ಬರಲೇಬೇಕು. ಕಂಪನಿಯಲ್ಲಿ ಅವರು ಚಿಪ್ ಎಂಜಿನಿಯರ್, ನಮ್ಮ ಪಾಲಿಗೆ ರೇಡಿಯೇಟರ್ ವೈದ್ಯರು, ಅಂದರೆ ಒಳಗೆ ಬಿಸಿನೀರು ಹರಿದು ಕೋಣೆ ಬೆಚ್ಚಗಿಡುವ ಗೋಡೆಯ ಕಬ್ಬಿಣದ ಪೆಟ್ಟಿಗೆಗಳ ವೈದ್ಯರು. ಮಾಸ್ಕನ್ನು ಮೂಗಿನ ಮೇಲಕ್ಕೆಳೆದು, ಜೇಬಿನಿಂದ ಹಿತ್ತಾಳೆಯ ಪುಟ್ಟ ಕೀಲಿ ತೆಗೆದು, ಒಂದೊಂದು ರೇಡಿಯೇಟರಿಗೂ ಕಿವಿಯಿಟ್ಟು, "ಹೊಟ್ಟಿಯೊಳಗ ಗಾಳಿ ಹೊಕ್ಕೈತ್ರಿ, ಬಿಸಿ ಮ್ಯಾಲ ಹೆಂಗ ಏರಬೇಕು?" ಎಂದು ರೋಗ ಘೋಷಿಸುತ್ತಾರೆ. ಕೀಲಿ ತಿರುವಿದರೆ ಬುಸ್ಸೆಂದು ಗಾಳಿ ಹೊರಟು, ಕೊನೆಗೆ ನೀರು ತೊಟ್ಟಿಕ್ಕುತ್ತದೆ. ಅದಕ್ಕೆ ಲೋಟ ಹಿಡಿಯುವಷ್ಟು ಯೋಗ್ಯತೆ ನನಗಿದೆಯೆಂದು ಅವರು ಒಪ್ಪಿದ್ದಾರೆ. ಆ ನೀರು ಕಾಯಿಸುವ ಬಾಯ್ಲರ್ ಮಾತ್ರ ಮುಟ್ಟಗೊಡುವುದಿಲ್ಲ. ಆಮೇಲೆ ರೊಟ್ಟಿ, ಶೇಂಗಾ ಚಟ್ನಿ ತಿಂದು ಸೈಕಲ್ ಹತ್ತುತ್ತಾರೆ. ಮೊದಲೆಲ್ಲ ವರ್ಷಕ್ಕೊಮ್ಮೆ ಬರುತ್ತಿದ್ದವರು, ಈ ಲಾಕ್‌ಡೌನಿನಲ್ಲಿ ವಾರಕ್ಕೊಮ್ಮೆ ಬರುತ್ತಿದ್ದಾರೆ. ವಿಮಾನಗಳು ನಿಂತು ಅವರ ಹೆಂಡತಿ ಮಕ್ಕಳು ಧಾರವಾಡದಲ್ಲೇ ಉಳಿದಿದ್ದಾರೆ, ಆಫೀಸೂ ಅಡುಗೆಮನೆಯ ಮೇಜಿಗೇ ಬಂದು ಕೂತಿದೆ. ಅಂಥದೇ ಕೀಲಿಯೊಂದು ನಮ್ಮ ಡ್ರಾಯರಿನಲ್ಲೂ ಇದೆ. ನನ್ನ ಹೆಂಡತಿ ವತ್ಸಲಾ ಅದನ್ನು ಅವರ ಕಣ್ಣಿಗೆ ಬೀಳಗೊಡುವುದಿಲ್ಲ. ಕಳೆದ ಶನಿವಾರವಂತೂ ಮೇಲಿನ ಕೋಣೆಯ ರೇಡಿಯೇಟರನ್ನು ತಾನೇ ಬಂದ್ ಮಾಡಿಟ್ಟು, "ಅಣ್ಣಾ, ಅದು ಬಿಸೀನೇ ಆಗ್ತಿಲ್ಲ, ಸ್ವಲ್ಪ ನೋಡಿ" ಎಂದಳು. ಅವರು ಬಗ್ಗಿ, ಮುಚ್ಚಿದ್ದ ತಿರುಪನ್ನು ಕಂಡು, ಸದ್ದಿಲ್ಲದೆ ತೆರೆದರು. ಆಮೇಲೆ ಕೀಲಿ ಹಾಕಿದರು. ಗಾಳಿಯ ಸುಳಿವೂ ಇಲ್ಲದೆ ನೇರ ನೀರೇ ಬಂತು. "ಭಾಳ ಗಾಳಿ ಇತ್ತು ತಂಗೀ, ಮುಂದಿನ ವಾರಾನೂ ನೋಡಬೇಕಾಗತೈತಿ" ಎಂದರು. ನಾನು ತುಂಬಿದ ಲೋಟ ಹಿಡಿದುಕೊಂಡೇ ಗಂಭೀರವಾಗಿ ತಲೆಯಾಡಿಸಿದೆ.