ತಳದ ಸೀರೆಗೆ ಹನ್ನೊಂದು ಎಣಿಕೆ

ಸಿಂದಗಿಯಲ್ಲಿ ಬಸಂತರಾಯರ ಸೀರೆ ಅಂಗಡಿಯ ಗಾದಿಯ ಮೇಲೆ ರೇವಣಪ್ಪ ಹತ್ತೊಂಬತ್ತು ವರ್ಷ ಸೀರೆ ಬಿಚ್ಚಿ ತೋರಿಸಿದವನು. ಬಲಗಣ್ಣಿಗೆ ಪೊರೆ ಬಂದ ಮೇಲೂ ಯಾವ ಸೀರೆ, ಒಂದರ ಮೇಲೊಂದು ಪೇರಿಸಿಟ್ಟ ಯಾವ ಥಪ್ಪಿಯಲ್ಲಿದೆ ಎಂಬುದು ಅವನ ಕೈಗೆ ಗೊತ್ತಿತ್ತು. ಗಿರಾಕಿ ಬಾಯಿ ಮುಚ್ಚುವುದರೊಳಗೆ ಸೀರೆ ಅವಳ ಮುಂದಿರುತ್ತಿತ್ತು.

೧೯೭೪ರಲ್ಲಿ ಬಸಂತರಾಯರು ಸೊಲ್ಲಾಪುರದ ದೊಡ್ಡ ಅಂಗಡಿಯೊಂದನ್ನು ನೋಡಿಕೊಂಡು ಬಂದು ರೇವಣಪ್ಪನಿಗೆ ಹೇಳಿದರು:

"ಇನ್ನ ಮ್ಯಾಲ ಗಿರಾಕಿ ಥಪ್ಪಿ ತೋರಿಸಿ 'ಮೊದಲಿಂದು', 'ಕಡೀದು' ಅಂದ್ರ ಸಾಕು. ಹಂಗ ಬರದ ಚೀಟಿ ಪರಮಾನಂದಗ ಹೋಗ್ತೈತಿ, ಅಂವ ನಿನಗ ಹೇಳ್ತಾನ. ಎಲ್ಲಾರಿಗೂ ಸಲೀಸು."

ಪರಮಾನಂದ ಅವರ ಹೆಂಡತಿಯ ತಮ್ಮ. ಕಾಲೇಜಿನಲ್ಲಿ ಎರಡು ಸಲ ಫೇಲಾಗಿ ಬಂದವನಿಗೆ ಒಂದು ಕುರ್ಚಿ ಬೇಕಾಗಿತ್ತು.

ಚೀಟಿ ಬಂದೊಡನೆ ಅವನು ಎದ್ದು ಥಪ್ಪಿ ಇದೆಯೇ ಎಂದು ನೋಡುವನು. ಅದರಲ್ಲಿ ಸೀರೆ ಇವೆಯೇ ಎಂದು ನೋಡುವನು. 'ಕಡೀದು' ಎಂದಿದ್ದರೆ ಮೇಲಿನಿಂದ ಒಂದೊಂದೇ ಎಣಿಸಿ, ಮುಂದೆ ಇನ್ನಿಲ್ಲವೆಂದು ಖಾತ್ರಿಯಾದ ಮೇಲೆ, "ಹನ್ನೊಂದನೇದು" ಎನ್ನುವನು. ರೇವಣಪ್ಪ ತಳಕ್ಕೆ ಕೈಹಾಕಿ ಎಳೆಯುವನು.

"ಸಾವಕಾರ್ರ, ತಳದ್ದು ತಳದಾಗ ಇರ್ತೈತ್ರಿ. ಎಣಸೂದು ಯಾಕ್ರಿ?"

"ಪದ್ಧತಿ ಅಂದ್ರ ಪದ್ಧತಿ," ಎಂದರು ಬಸಂತರಾಯರು. ಆಷಾಢದ ಖಾಲಿ ಮಧ್ಯಾಹ್ನ ಒಬ್ಬಳೇ ಗಿರಾಕಿಯನ್ನು ಕೂರಿಸಿಕೊಂಡು ಅವರು ಪರೀಕ್ಷೆ ಮಾಡಿದ್ದರು, ತಡವೇನೂ ಕಂಡಿರಲಿಲ್ಲ.

ಲಗ್ನದ ದಿನಗಳು ಬಂದವು. ಅಗರಖೇಡದ ಗೌಡರ ಮನೆಯ ಹೊನ್ನವ್ವ ಮೂವತ್ತು ಸೀರೆ ಕೊಳ್ಳಲು ಬಂದಳು. ತಳದ ಸೀರೆಗೆ ಧೂಳು ತಾಗಿರುವುದಿಲ್ಲವೆಂದು ಎಲ್ಲವೂ 'ಕಡೀದು' ಬೇಕೆಂದಳು. ಪರಮಾನಂದ ಮೂವತ್ತು ಚೀಟಿ ಬರೆಸಿಕೊಂಡು, ಪ್ರತಿಯೊಂದಕ್ಕೂ ಮೇಲಿನಿಂದ ಎಣಿಸತೊಡಗಿದ. ಏಳನೆಯ ಸೀರೆ ಬರುವಷ್ಟರಲ್ಲಿ ಅವಳು ಊರಿಗೆ ಹೋಗಬೇಕಾದ ಇಂಡಿ ಬಸ್ಸಿನ ಹೊತ್ತು ಹತ್ತಿರವಾಯಿತು.

"ರೇವಣ್ಣ, ನಿನ್ನ ಕೈ ಯಾರ ಕಟ್ಯಾರೋ? ನಾ ಚಡಚಣದಾಗ ತಗೋತೇನಿ ಬಿಡು," ಎಂದು ಅವಳು ಎದ್ದಳು.

ರೇವಣಪ್ಪನಿಗೆ ಮುಖಕ್ಕೆ ಹೊಡೆದಂತಾಯಿತು. ಅವಳನ್ನು ತಡೆದು ಚಹಾ ತರಿಸಿದ ಅವನು, ಪರಮಾನಂದನನ್ನು ಕುರ್ಚಿ ಸಮೇತ ಪಕ್ಕಕ್ಕೆ ಸರಿಸಿ, ಉಳಿದ ಇಪ್ಪತ್ತಮೂರು ಸೀರೆಗಳನ್ನು ಹೊನ್ನವ್ವ ಚಹಾ ಕುಡಿದು ಮುಗಿಸುವುದರೊಳಗೆ ಎಳೆದು ಹಾಕಿದ. ಬಸ್ಸೂ ಸಿಕ್ಕಿತು.

ಸಂಜೆ ಬಸಂತರಾಯರು ಬಜಾರದ ತುಂಬ ಹೇಳಿಕೊಂಡು ಬಂದರು: "ಮೂವತ್ತು ಸೀರಿ, ಒಂದು ತಾಸಿನ್ಯಾಗ. ಎಲ್ಲಾ ಪದ್ಧತಿ ಮಹಿಮಾ." ಪರಮಾನಂದನ ಕುರ್ಚಿಗೆ ಮೆತ್ತೆ ಬಂತು. ಚೀಟಿ ತಪ್ಪಿಸಿದ್ದಕ್ಕೆ ರೇವಣಪ್ಪನಿಗೆ ಬೈಗುಳ ಬಂತು.

ಆಮೇಲೆ ರೇವಣಪ್ಪ ಮೊದಲು ಸೀರೆ ಕೊಡುವುದು, ಪರಮಾನಂದ ಅದಕ್ಕೆ ಹಿಂದಿನಿಂದ ಚೀಟಿ ಬರೆಯುವುದು ರೂಢಿಯಾಯಿತು. ಯಾರಾದರೂ ನಕ್ಕರೆ ರೇವಣಪ್ಪ ಅನ್ನುತ್ತಿದ್ದ: "ಬರೀಲಿ ಬಿಡ್ರಿ. ಕೈ ಖಾಲಿ ಆದ್ರ ಮತ್ತ ಥಪ್ಪಿ ಮುಟ್ತಾನ."