ಎಡಕ್ಕೆ ದಾರಿಯಿಲ್ಲದ ಆಟ

ಟೋಪಿ ಹಾಕಿದ ಕುಳ್ಳನೊಬ್ಬ ಹಳ್ಳ ದಿಣ್ಣೆ ಹಾರುತ್ತ ಬಲಕ್ಕೆ ಓಡುವ ಆಟವನ್ನು ನೀವೂ ನೋಡಿರುತ್ತೀರಿ. ಈಗಿನ ಫೋನುಗಳಲ್ಲಿ ಗೊಂಬೆಗಳು ಬೇರೆ, ಆದರೂ ಎಷ್ಟೋ ಆಟಗಳಲ್ಲಿ ಅವೂ ಬಲಕ್ಕೇ ಓಡುತ್ತವೆ. ಯಾಕೆ ಅಂತ ಕೇಳಿದರೆ ಮೊಮ್ಮಕ್ಕಳು ‘ಸುಮ್ನಿರಜ್ಜಿ’ ಅನ್ನುತ್ತಾರೆ. ನಾನು ಕೇಳುವುದು ಬಿಟ್ಟಿಲ್ಲ.

ಆ ಆಟವನ್ನು ನಾನು ಮೊದಲು ಕಂಡದ್ದು ಎಂಬತ್ತರ ದಶಕದ ಕೊನೆಯಲ್ಲಿ, ಶಿರಾದಲ್ಲಿ, ಪಕ್ಕದ ಮನೆ ಭಾಬಿಯ ಟೀವಿಯಲ್ಲಿ. ಮದುವೆಯಾದ ವರ್ಷವೇ ಅವಳ ಗಂಡ ದುಬೈಗೆ ಕ್ರೇನ್ ಓಡಿಸಲು ಹೋದವನು, ಮತ್ತೆ ಮುಖ ತೋರಿಸಿರಲಿಲ್ಲ. ಈ ರಂಜಾನ್‌ಗೆ ಬಂದೇ ಬರುತ್ತೇನೆ ಎಂದಿದ್ದ. ಅವನ ಬದಲು, ರಜೆಗೆ ಬಂದ ಗೆಳೆಯನ ಕೈಲಿ, ಟೀವಿಗೆ ಸಿಕ್ಕಿಸುವ ಈ ಆಟದ ಪೆಟ್ಟಿಗೆ ಬಂತು. ನನಗಂತೂ ಮೈಯೆಲ್ಲ ಉರಿಯಿತು. ದಾರಿ ಕಾಯುವ ಹೆಂಡತಿಗೆ ಆಟದ ಸಾಮಾನು ಕಳಿಸುವ ಗಂಡಸಿಗೆ ಏನನ್ನಬೇಕು?

ಪೆಟ್ಟಿಗೆಯ ಮೇಲಿನ ಬರಹದ ತಲೆಬುಡ ನಮಗೆ ತಿಳಿಯಲಿಲ್ಲ. ಆಟ ತಾನೇ ಕಲಿಸಿತು. ಬಲಗಡೆಯಿಂದ ಅಣಬೆಯಂಥದ್ದೊಂದು ನಡೆದು ಬಂತು; ಗಾಬರಿಯಲ್ಲಿ ಗುಂಡಿ ಒತ್ತಿದೆ; ಕುಳ್ಳ ಹಾರಿ ಅದರ ತಲೆಯ ಮೇಲೇ ಬಿದ್ದ. ಅದು ಅಪ್ಪಚ್ಚಿ. ಯಾವ ಮೇಷ್ಟ್ರೂ ನನಗೆ ಇಷ್ಟು ಬೇಗ ಏನನ್ನೂ ಕಲಿಸಿರಲಿಲ್ಲ.

ಭಾಬಿ ಮಾತ್ರ ತನ್ನ ಸರದಿಯಲ್ಲಿ ಎಡಕ್ಕೇ ಒತ್ತಿದಳು. ಕುಳ್ಳ ಪರದೆಯ ಅಂಚಿಗೆ ಮುಖ ಕೊಟ್ಟು ನಿಂತಲ್ಲೇ ಕಾಲಾಡಿಸಿದ. ಕೆಟ್ಟುಹೋಯಿತೇನೋ ಅಂತ ಕಣ್ಣು ಕಣ್ಣು ಬಿಟ್ಟೆ. ಆಮೇಲೆ ಹೊಳೆಯಿತು: ಉರ್ದು ಓದಿದವಳು, ಬಲದಿಂದ ಎಡಕ್ಕೆ ಹೋಗುವ ಅಭ್ಯಾಸ. ದೊಡ್ಡ ಜಾಣೆಯ ಹಾಗೆ ಹೇಳಿಯೂಬಿಟ್ಟೆ.

‘ಅಂಗಲ್ಲ ಕಣೆ,’ ಅಂದಳು. ‘ಇವ್ನು ಈ ಕಡೆಯಿಂದ ತಾನೆ ಹೊಲ್ಟಿದ್ದು? ಮನೆ ಇತ್ತಾಗೇ ಇರ್ಬೇಕಲ್ಲ.’

ನಾನು ಪೆಚ್ಚಾದೆ. ಕುಳ್ಳನನ್ನು ಒಂದಷ್ಟು ದೂರ ಓಡಿಸಿ ಮತ್ತೆ ಅವಳ ಕೈಗೆ ಕೊಟ್ಟೆ. ಅವಳು ಮತ್ತೆ ಎಡಕ್ಕೆ ಒತ್ತಿದಳು. ದಾಟಿ ಬಂದ ಪೊದೆಗಳು ತಿರುಗಿ ಕಾಣಲಿಲ್ಲ.

‘ಬಂದ ದಾರಿನೇ ಮುಚ್ಚೋಗ್ಬುಡ್ತದಾ? ಅದೆಂಗೆ?’

ಅವಳು ಸಿಟ್ಟಿನಿಂದ ಬಲಕ್ಕೆ ಒತ್ತಿದಳು, ಕುಳ್ಳ ಓಡಿ ಹಳ್ಳಕ್ಕೆ ಬಿದ್ದ. ಪರದೆ ಕಪ್ಪಾಯಿತು. ಮರುಕ್ಷಣ ಅವನು ಹೊರಟ ಜಾಗದಲ್ಲೇ ನಿಂತಿದ್ದ. ನಾನು ನಗಲು ಬಾಯಿ ತೆರೆದೆ, ಭಾಬಿ ನಗಲಿಲ್ಲ.

‘ಸತ್ರೆ ಮಾತ್ರ ವಾಪಸ್ ಬತ್ತಾನೆ,’ ಅಂದಳು.

ನನಗೆ ಹೆದರಿಕೆಯಾಯಿತು. ಆಟ ಅಷ್ಟೇ ಭಾಬಿ ಅನ್ನಬೇಕೆಂದುಕೊಂಡೆ. ಅವಳು ಎದ್ದು ಟೀವಿ ಆರಿಸಿದಳು.

‘ನಾಳೆ ಪೋಸ್ಟಾಫೀಸಿಗೆ ನನ್ ಜೊತೆ ಬಾ. ದುಬೈಗೆ ಟ್ರಂಕ್ ಕಾಲ್ ಮಾಡ್ಬೇಕು. ಏನೂ ತರ್ಬೇಡ, ಬರಿಗೈಲಿ ಬಂದ್ಬುಡು ಅಂತೀನಿ.’