ಕೈತೋಟಕ್ಕೆ ಕಾಗೆ ಬಾರದ ದಿನ

ಸಾನಪಾಡಾದಲ್ಲಿ ನಮ್ಮದು ನೆಲಮಹಡಿಯ ಮನೆ. ಹಿಂದುಗಡೆ ಒಂದು ತುಂಡು ಜಾಗ. ದಾಸವಾಳ, ಕರಿಬೇವು, ಒಂದು ಸೊಟ್ಟ ನುಗ್ಗೆ, ಗೋಡೆಯಾಚೆ ಪಕ್ಕದ ಸೊಸೈಟಿಯ ಬಾದಾಮಿ ಮರ. ಇದನ್ನು ನಾನು ತೋಟ ಎಂದರೆ ಉಡುಪಿಯ ನಂಟರು ನಗುತ್ತಾರೆ. ನಗಲಿ. ಈ ತೋಟದಲ್ಲಿ ನಿಂತು ಕಂಡ ಹಕ್ಕಿಗಳನ್ನು ನಾನು ಪ್ರತಿ ವರ್ಷ ಪಟ್ಟಿ ಮಾಡುತ್ತೇನೆ. ಜನವರಿ ಒಂದಕ್ಕೆ ಹಳೆಯ ಪಟ್ಟಿ ಮುಗಿದು ಹೊಸದು ಶುರು. ಹಕ್ಕಿ ಎಲ್ಲಿದ್ದರೂ ಸರಿ, ನನ್ನ ಎರಡೂ ಕಾಲು ತೋಟದೊಳಗಿರಬೇಕು. ಒಂದು ವರ್ಷ ಖಾಡಿಯ ಹಿನ್ನೀರಿನ ಕಡೆಗೆ ಫ್ಲೆಮಿಂಗೊಗಳು ಸಾಲಾಗಿ ಹಾರಿದಾಗ ನನ್ನ ಒಂದು ಕಾಲು ಅಡುಗೆಮನೆಯ ಹೊಸ್ತಿಲ ಮೇಲಿತ್ತು. ಬರೆದುಕೊಳ್ಳಲಿಲ್ಲ.

ಅಪ್ಪನಿಗೆ ಈ ಪಟ್ಟಿ ಎಂದರೆ ತಾತ್ಸಾರ. ಜೀವಮಾನವಿಡೀ ಹೋಟೆಲಿನ ಗಲ್ಲಾದಲ್ಲಿ ಕೂತವರು. ‘ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ’ ಎಂದು ನನ್ನ ಬೈನಾಕ್ಯುಲರ್ ಕಂಡಾಗಲೆಲ್ಲ ಹೇಳುತ್ತಿದ್ದರು.

ನನಗೆ ಸಹಿಸಲಾಗದ್ದು ಕಾಗೆ. ವಾಶಿ ಮಾರ್ಕೆಟ್ಟಿನಲ್ಲಿ ತಿಂದು ತೇಗಿ, ಪುಂಡಾಟಕ್ಕೆ ನಮ್ಮಲ್ಲಿಗೆ ಬರುತ್ತವೆ. ಕರಿಬೇವಿನಲ್ಲಿದ್ದ ಸೂರಕ್ಕಿಯ ಗೂಡನ್ನು ಕಿತ್ತು ಹಾಕಿದವು. ಮಡಿವಾಳ ಹಕ್ಕಿ ಇವುಗಳ ಕಾಟಕ್ಕೆ ಹೆದರಿ ಈಚೆ ಸುಳಿಯುವುದನ್ನೇ ಬಿಟ್ಟಿತು. ಅದಕ್ಕೇ ಮಗಳ ಹಳೆಯ ಬ್ಯಾಡ್ಮಿಂಟನ್ ರ‍್ಯಾಕೆಟ್ ಹಿಡಿದು ವರ್ಷವಿಡೀ ಕಾಗೆ ಓಡಿಸುವ ಕೆಲಸ ಹಚ್ಚಿಕೊಂಡೆ. ಹಾಗೆ ಮಾಡಿದ್ದು ಸರಿಯೆಂದೇ ಈಗಲೂ ನನ್ನ ವಾದ.

ಆ ವರ್ಷವೇ ಅಪ್ಪ ತೀರಿಕೊಂಡಿದ್ದು. ಅದೂ ಆಸ್ಪತ್ರೆಯಲ್ಲಿ, ಅಮ್ಮ ಸ್ನಾನ ಮಾಡಿ ಬರುತ್ತೇನೆಂದು ಮನೆಗೆ ಬಂದಿದ್ದಾಗ. ‘ಏನಾದರೂ ಹೇಳಲಿಕ್ಕೆ ಇತ್ತೋ ಏನೋ, ಬೇಸರ ಮಾಡಿಕೊಂಡೇ ಹೋದರೋ ಏನೋ’ ಎಂದು ಅವಳು ಕೊರಗದ ದಿನವಿಲ್ಲ. ತಿಂಗಳ ಮಾಸಿಕಗಳನ್ನೆಲ್ಲ ಮಠದಲ್ಲಿ ಮುಗಿಸಿದ್ದೆವು. ವರ್ಷದ ಶ್ರಾದ್ಧ ಮಾತ್ರ ಮನೆಯಲ್ಲೇ ಆಗಬೇಕು, ನಮ್ಮ ಅಂಗಳದಲ್ಲೇ ಕಾಗೆ ಬಂದು ಪಿಂಡ ಮುಟ್ಟಬೇಕು ಎಂದು ಹಟ ಹಿಡಿದಳು. ಮುಟ್ಟಿದರೆ ಅಪ್ಪನಿಗೆ ತೃಪ್ತಿಯಾಯಿತೆಂದು ಅವಳ ಜೀವಕ್ಕೂ ಸಮಾಧಾನ.

ಶ್ರಾದ್ಧದ ಮಧ್ಯಾಹ್ನ ಭಟ್ಟರು ಹೇಳಿದಂತೆ ಪಿಂಡ, ವಡೆ ಇಟ್ಟ ಎಲೆ ಹಿಡಿದು ಹೊರಬಂದೆ. ಅದೇ ತಡ, ಕೇಬಲ್ ತಂತಿಯ ಮೇಲೆ ಕೂತಿದ್ದ ಕಾಗೆಗಳೆಲ್ಲ ಎದ್ದು ಎದುರು ಬಿಲ್ಡಿಂಗಿನ ನೀರಿನ ಟಾಂಕಿಗೆ ಹೋದವು. ಎಲೆಯನ್ನು ಗೋಡೆಯ ಮೇಲಿಟ್ಟು ‘ಕಾ ಕಾ’ ಎಂದು ಕರೆದೆ. ಅವು ಇನ್ನೂ ಒಂದು ಟಾಂಕಿ ಹಿಂದೆ ಸರಿದವು.

“ಸ್ವಲ್ಪ ಭಕ್ತಿಯಿಂದ ಕರೀರಿ ಮಾರಾಯ್ರೆ,” ಎಂದರು ಭಟ್ಟರು. “ನನಗೆ ದಿವಾದಲ್ಲಿ ಇನ್ನೊಂದು ಮನೆಯ ಶ್ರಾದ್ಧ ಉಂಟು.”

ಕಲ್ಯಾಣದಿಂದ ಬಂದಿದ್ದ ಅಕ್ಕನ ಗಂಡ, ಸಕ್ಕರೆ ಕಾಯಿಲೆಯವರು, ಹೊಟ್ಟೆ ಹಿಡಿದುಕೊಂಡು ಕುರ್ಚಿಯಲ್ಲಿ ಕೂತಿದ್ದರು. “ಮಾತ್ರೆ ನುಂಗಿ ಆಗಿದೆ. ಇನ್ನು ಊಟ ತಡವಾದ್ರೆ ನನಗೂ ಒಂದು ಎಡೆ ಇಡ್ಬೇಕಾದೀತು.”

ಆಗಲೇ ಬಾದಾಮಿ ಮರದಲ್ಲಿ ಹಳದಿ ಮಿಂಚಿತು. ಹೊನ್ನಕ್ಕಿ! ಆ ವರ್ಷದ ಮೊದಲನೆಯದು. ಉಟ್ಟ ಪಂಚೆಯಲ್ಲೇ ಎರಡೂ ಕಾಲು ತೋಟದೊಳಗಿವೆಯೇ ಎಂದು ನೋಡಿಕೊಂಡೆ. ಅಮ್ಮ ನನ್ನನ್ನು ನೋಡಿದ ನೋಟಕ್ಕೆ ಹಕ್ಕಿಯೇ ಹೆದರಿ ಹಾರಿತೆಂದು ತೋರುತ್ತದೆ.

ಕಾಗೆ ಬಾರದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎಂದು ಲೆಕ್ಕ. ಅದನ್ನು ನಾವು ನೆರವೇರಿಸುತ್ತೇವೆ ಎಂದು ಮಾತು ಕೊಡಬೇಕು. ಅಮ್ಮ ಕೈಮುಗಿದಳು. “ಮೊಮ್ಮಗಳ ಮದುವೆ ಚಂದ ಮಾಡಿ ಮಾಡ್ತೇವೆ. ಬನ್ನಿ.”

“ಅಜ್ಜೀ, ಮೈ ಅಭೀ ನೈನ್ತ್ ಮೇ ಹೂಂ!” ಎಂದು ಕಿರುಚಿದಳು ಒಂಬತ್ತನೇ ಕ್ಲಾಸಿನ ಮಗಳು.

ಕಾಗೆಗೂ ಆ ಸಂಬಂಧ ಒಪ್ಪಿಗೆಯಾಗಲಿಲ್ಲ. ಆಗ ಭಾವ ನನ್ನ ಕಡೆ ಬೊಟ್ಟು ಮಾಡಿದರು. “ಮಾವನಿಗೆ ಇದ್ದ ಬೇಸರ ಒಂದೇ. ಇವನ ಹಕ್ಕಿ ಪಟ್ಟಿ. ಬಿಡ್ತೇನೆ ಅಂತ ಹೇಳು ಮಾರಾಯ, ಈಗ ಬರ್ತಾರೆ.”

ಎಲ್ಲರೂ ನನ್ನ ಮುಖ ನೋಡಿದರು. ಅಮ್ಮನ ಕಣ್ಣು ತುಂಬಿತ್ತು. ನಾನು ಟಾಂಕಿಯ ಕಡೆ ಕೈಮುಗಿದು, “ಅಪ್ಪಾ, ಪಟ್ಟಿ ಬಿಡ್ತೇನೆ. ಡಿಸೆಂಬರ್ ಕಳೆದ ಮೇಲೆ,” ಎಂದೆ.

“ಅಪ್ಪನ ಹತ್ರ ಚೌಕಾಶಿಯಾ?” ಎಂದರು ಭಾವ.

“ಆಯ್ತು, ಈಗಲೇ ಬಿಟ್ಟೆ.” ಕಾಗೆ ಕದಲಲಿಲ್ಲ. ಹಾಗಾದರೆ ಅಪ್ಪನಿಗೆ ಪಟ್ಟಿಯ ಬಗ್ಗೆ ಬೇಸರವಿಲ್ಲ ಎಂದು ಸಾಬೀತಾಯಿತಲ್ಲ ಎಂದು ನಾನು ವಾದಿಸಿದೆ. ಹಸಿದವರ ಮುಂದೆ ನ್ಯಾಯ ಹೇಳಬಾರದು.

ಅಷ್ಟರಲ್ಲಿ ಗೋಡೆಯ ಮೇಲೆ ಒಂದು ಕೆಂಬೂತ ಗಂಭೀರವಾಗಿ ನಡೆದು ಬಂತು. ಭಟ್ಟರ ಮುಖ ಅರಳಿತು. “ಇದು ಕಾಗೆ ಜಾತಿಯದ್ದೇ ಅಲ್ಲವಾ? ಮೈ ಕಪ್ಪೇ ಉಂಟು. ರೆಕ್ಕೆ ಮಾತ್ರ ಸ್ವಲ್ಪ ಕೆಂಪು.”

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಹೊಟ್ಟೆಗಾಗಿ ಹಕ್ಕಿಯ ಕುಲ ಬದಲಿಸುವವನು ನಾನಲ್ಲ. “ಅದು ಕೋಗಿಲೆಯ ನೆಂಟ, ಭಟ್ರೆ,” ಎಂದೆ. ಕೆಂಬೂತ ಎಲೆಯನ್ನು ದಾಟಿಕೊಂಡು ಹೋಯಿತು. ವಡೆಯನ್ನು ಮೂಸಿಯೂ ನೋಡಲಿಲ್ಲ. ಭಾವ ಕಣ್ಣು ಮುಚ್ಚಿಕೊಂಡರು.

ಕೊನೆಗೆ ಗುಟ್ಟು ಒಡೆದವಳು ಮಗಳು. ನಾನು ನೀರು ತರಲು ಒಳಗೆ ಹೋದಾಗಲೆಲ್ಲ ಕಾಗೆಗಳು ತಂತಿಗೆ ಬರುತ್ತಿದ್ದವಂತೆ, ಹೊರಬಂದ ಕೂಡಲೇ ಟಾಂಕಿಗೆ. “ಪಪ್ಪಾ, ವೋ ಆಪ್‌ಕೋ ಪೆಹಚಾನ್‌ತೇ ಹೈ. ರ‍್ಯಾಕೆಟ್‌ವಾಲಾ.”

ಗುರುತು ಸಿಗದಿರಲೆಂದು ಶಲ್ಯವನ್ನು ತಲೆಗೆ ಮುಸುಕು ಹಾಕಿಕೊಂಡು ನೋಡಿದೆ. ಕನ್ನಡಕ ತೆಗೆದು, ಅಮ್ಮನ ಬೆನ್ನ ಹಿಂದೆ ಬಗ್ಗಿ ನಿಂತು ನೋಡಿದೆ. ಕಾಗೆಗಳು ಮೋಸಹೋಗಲಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ ನನ್ನ ಅರ್ಧ ಮುಖ ಕಂಡರೂ ಕೂಗಿ ಬೊಬ್ಬೆ ಎಬ್ಬಿಸಿದವು. ಆಮೇಲೆ ಭಾವನೇ ನನ್ನ ರಟ್ಟೆ ಹಿಡಿದು ಬಚ್ಚಲುಮನೆಗೆ ನೂಕಿ ಹೊರಗಿನಿಂದ ಚಿಲಕ ಹಾಕಿದರು. ಅಪ್ಪನ ಶ್ರಾದ್ಧದ ದಿನ, ಇದ್ದ ಒಬ್ಬ ಮಗ, ಬಕೆಟ್ ಬೋರಲು ಹಾಕಿಕೊಂಡು ಕೂತೆ. ನಗು ಬಂತು, ಮತ್ತೆ ನಾಚಿಕೆಯೂ ಆಯಿತು. ಬರಲಿ, ಒಂದೇ ಒಂದು ಬರಲಿ ಎಂದು ಮೊದಲ ಬಾರಿಗೆ ಮನಸಾರೆ ಕಾಗೆಯನ್ನು ಬೇಡಿಕೊಂಡೆ.

ಹೊರಗೆ ಎಲ್ಲ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಅಮ್ಮ ಜೋರಾಗಿ ಅತ್ತದ್ದು ಕೇಳಿಸಿತು. ಭಟ್ಟರು ‘ಮುಟ್ಟಿತು, ಮುಟ್ಟಿತು’ ಎಂದರು. ಭಾವ ಆಗಲೇ ಬಾಳೆಲೆ ಹಾಕಲು ಅವಸರಿಸುತ್ತಿದ್ದರು.

ಚಿಲಕ ತೆಗೆದವಳು ಅಮ್ಮ. ಮುಖವೆಲ್ಲ ಒದ್ದೆ, ಆದರೆ ವರ್ಷದಿಂದ ಕಾಣದ ಗೆಲುವು.

“ಬಂದ್ರು ಮಗಾ. ಆದರೆ ಬಂದವರು ಕೂಡ್ಲೇ ಅನ್ನಕ್ಕೆ ಬಾಯಿ ಹಾಕ್ಲಿಲ್ಲ. ಗೋಡೆ ಮೇಲೆ ಕೂತು ಆಚೆ ಈಚೆ ನೋಡಿದ್ರು. ಮತ್ತೆ ಅಡುಗೆಮನೆ ಕಿಟಕಿ ತನಕ ಬಂದು ಒಳಗೆ ಇಣುಕಿದ್ರು. ಎಲ್ಲ ಕಡೆ ನೋಡಿದ ಮೇಲೆಯೇ ಉಂಡದ್ದು.” ನನ್ನ ಕೆನ್ನೆ ಸವರಿದಳು. “ನಿನ್ನನ್ನೇ ಹುಡುಕಿದ್ದು.”

ಅವಳ ಹಿಂದೆ ನಿಂತಿದ್ದ ಮಗಳು ಬಾಯಿ ತೆರೆದಳು. ನಾನು ಕಣ್ಣಲ್ಲೇ ಗದರಿಸಿದೆ.

“ಹೌದಮ್ಮ,” ಎಂದೆ, “ನನ್ನನ್ನೇ.”